ವರದಿ ಬರೆಯುವವರ ಕಿಸೆಯಲ್ಲೊಂದು ಪೆನ್ಸಿಲ್ ಇರಲಿ

ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಸುದ್ದಿ ಬರೆಯುವುದನ್ನು ಕಲಿಸಿದರು. ಫೋಟೊ ತೆಗೆಯುವುದನ್ನು ಕಲಿಸಿದರು. ಈಗಿನ ಹುಡುಗರಿಗೆ ವಿಡಿಯೊ ಎಡಿಟಿಂಗ್ ಕೂಡ ಹೇಳಿಕೊಡುತ್ತಾರೆ. ಚಿತ್ರ ಗೀಚುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಅದು ಡ್ರಾಯಿಂಗ್ ಮಾಸ್ತರರ ಕೆಲಸ, ಹೈಸ್ಕೂಲಿನಲ್ಲಿ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿದವರ ಕೆಲಸ ಎಂದು ನಾವೆಲ್ಲ ಅದನ್ನು ಬದಿಗಿಟ್ಟುಬಿಟ್ಟೆವು.

ನನ್ನ ವಾದ ಇಷ್ಟೇ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ತಿರುಗಿ ವರದಿ ಮಾಡುವ ನಮ್ಮಂಥವರು ದಿನಕ್ಕೊಂದು ಚಿತ್ರ ಗೀಚುವ ರೂಢಿ ಹಾಕಿಕೊಳ್ಳಬೇಕು. ಕಲಾವಿದರಾಗಲಿಕ್ಕಲ್ಲ, ಕಣ್ಣು ಚುರುಕಾಗಲಿಕ್ಕೆ. ಅದಕ್ಕೆ ಬೇಕಾದ ಸಾಮಾನನ್ನು ಬೆಂಗಳೂರಿನಿಂದ ತರಿಸಬೇಕಾಗಿಲ್ಲ. ನಮ್ಮ ಊರಲ್ಲೇ ಸಿಗುತ್ತದೆ, ಬಹಳಷ್ಟು ಪುಕ್ಕಟೆಯಾಗಿಯೇ ಸಿಗುತ್ತದೆ.

ನೋಡದೆ ಬರೆದ ಸುದ್ದಿ

ಬೆಟಗೇರಿಯ ನೇಕಾರರ ಬಗ್ಗೆ ನೀವು ಓದಿದ ವರದಿಗಳನ್ನು ನೆನಪು ಮಾಡಿಕೊಳ್ಳಿ. 'ಸಂಕಷ್ಟದಲ್ಲಿ ನೇಕಾರ' ಎಂಬ ತಲೆಬರಹ. ಮಗ್ಗದ ಮುಂದೆ ಕೂತವರ ಒಂದು ಫೋಟೊ. ಕೆಳಗೆ ನೂಲಿನ ದರ, ಸರಕಾರದ ಯೋಜನೆ, ಮುಖಂಡರ ಹೇಳಿಕೆ. ಆದರೆ ಆ ಮನುಷ್ಯ ದಿನವಿಡೀ ಕಾಲು ಇಳಿಬಿಟ್ಟು ಕೂರುವ ಕುಣಿ ಎಷ್ಟು ಆಳ, ಬೆಳಕು ಯಾವ ಕಡೆಯಿಂದ ಬರುತ್ತದೆ, ಲಾಳಿ ಒಗೆಯುವ ಕೈ ಯಾವುದು, ಕಂಡಿಕೆ ಸುತ್ತಿಕೊಡುವವರು ಮನೆಯಲ್ಲಿ ಯಾರು, ಇದಾವುದೂ ಬರಹದಲ್ಲಿ ಇರುವುದಿಲ್ಲ. ವರದಿಗಾರ ಅಲ್ಲಿಗೆ ಹೋಗಿದ್ದ, ಸುಳ್ಳು ಬರೆದಿಲ್ಲ. ಆದರೆ ನೋಡಿಲ್ಲ. ಅವನ ಬದಲಿಗೆ ಮೊಬೈಲು ನೋಡಿದೆ.

ಫೋಟೊ ತೆಗೆಯಲು ಒಂದು ಕ್ಷಣ ಸಾಕು. ತೆಗೆದ ಕೂಡಲೇ 'ಆಯ್ತು, ಇದು ನನ್ನ ಬಳಿ ಐತಿ' ಎಂದು ಮನಸ್ಸು ಮುಂದಕ್ಕೆ ಹೋಗಿಬಿಡುತ್ತದೆ. ಅದೇ ಮಗ್ಗವನ್ನು ಹತ್ತು ನಿಮಿಷ ಕೂತು ಗೀಚಿ ನೋಡಿ. ಈ ಹಗ್ಗ ಎಲ್ಲಿಂದ ಬಂತು, ಎಲ್ಲಿ ಕಟ್ಟಿದ್ದಾರೆ, ಈ ಕಟ್ಟಿಗೆ ಏನನ್ನು ಹಿಡಿದುಕೊಂಡಿದೆ ಎಂದು ಪೆನ್ಸಿಲೇ ಪ್ರಶ್ನೆ ಕೇಳತೊಡಗುತ್ತದೆ. ಗೊತ್ತಿಲ್ಲದ್ದನ್ನು ಗೆರೆಯಲ್ಲಿ ಮುಚ್ಚಿಡಲು ಆಗುವುದಿಲ್ಲ. ಬರಹದಲ್ಲಾದರೆ 'ಸಾಂಪ್ರದಾಯಿಕ ಮಗ್ಗ' ಎಂದು ಎರಡು ಪದ ಹಾಕಿ ದಾಟಿಬಿಡಬಹುದು.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಫೋಟೊ ತೋರಿಸಿದರೆ ಜನ 'ಚಲೋ ಬಂದೈತಿ' ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಗೀಚಿದ್ದನ್ನು ತೋರಿಸಿದರೆ ತಿದ್ದುತ್ತಾರೆ. 'ಅಲ್ಲ ತಮ್ಮಾ, ಫಣಿ ಇಷ್ಟು ಹಿಂದ ಇರೂದಿಲ್ಲ, ತಾ ಇಲ್ಲೆ' ಎಂದು ಅಜ್ಜ ಪೆನ್ಸಿಲು ಕಸಿದುಕೊಂಡು ತಾನೇ ಗೆರೆ ಎಳೆಯುತ್ತಾನೆ. ಎಳೆಯುತ್ತ ಹೆಸರು ಹೇಳುತ್ತಾನೆ, ಹೆಸರಿನ ಜೊತೆ ಕಥೆಯನ್ನೂ ಹೇಳುತ್ತಾನೆ. ಸುದ್ದಿಯ ಮೂಲವೇ ನಮ್ಮ ಟಿಪ್ಪಣಿಯನ್ನು ಪರಿಶೀಲಿಸಿ ಕೊಟ್ಟಂತಾಯಿತು. ಇದನ್ನು ಯಾವ ರೆಕಾರ್ಡರೂ ಮಾಡುವುದಿಲ್ಲ.

ಮಗ್ಗ ಒಂದೇ ಅಲ್ಲ. ಕೂರಿಗೆ, ಎಡೆಕುಂಟೆ, ಕಟ್ಟಿಗೆ ಗಾಲಿಯ ಚಕ್ಕಡಿ ಇವೆಲ್ಲ ನಮ್ಮ ಹಳ್ಳಿಗಳಲ್ಲಿ ದನದ ಮನೆಯ ಮೂಲೆ ಸೇರುತ್ತಿವೆ. ಅವುಗಳ ಭಾಗಗಳ ಹೆಸರು ಬಾಯಲ್ಲಿ ಇಟ್ಟುಕೊಂಡವರು ವಯಸ್ಸಾದವರು. ಆ ಹೆಸರುಗಳನ್ನು ಬರೀ ಪಟ್ಟಿಯಾಗಿ ಬರೆದಿಟ್ಟರೆ ಮುಂದಿನವರಿಗೆ ಯಾವುದು ಯಾವುದಕ್ಕೆ ಎಂದು ತಿಳಿಯುವುದಿಲ್ಲ. ಚಿತ್ರ ಬಿಡಿಸಿ, ಗೆರೆ ಎಳೆದು, ಪಕ್ಕದಲ್ಲಿ ಹೆಸರು ಬರೆದರೆ ಮಾತ್ರ ಅದು ದಾಖಲೆ.

ಫೋಟೊಕ್ಕೆ ದಕ್ಕದ್ದು

'ಫೋಟೊ ಇದ್ದರೆ ಸಾಕಲ್ಲ' ಎನ್ನುವವರನ್ನು ಮುಂಡರಗಿ ತಾಲೂಕಿನ ಡಂಬಳಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿಯ ದೊಡ್ಡಬಸಪ್ಪ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಗರ್ಭಗುಡಿಯ ಭಾಗದ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಸುತ್ತ ತಿರುಗಿ ಎಷ್ಟು ಫೋಟೊ ತೆಗೆದರೂ ಒಂದು ಸಲಕ್ಕೆ ಕೆಲವು ಮೂಲೆಗಳಷ್ಟೇ ಸಿಗುತ್ತವೆ. ಗೋಡೆ ಒಳಗೆ ಹೋಗಿ ಹೊರಗೆ ಬರುತ್ತದೆ ಎಂಬುದು ಗೊತ್ತಾಗುತ್ತದೆ, ಯಾಕೆ ಹಾಗೆ ಎಂಬುದು ಗೊತ್ತಾಗುವುದಿಲ್ಲ.

ಈಗ ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ. ನಟ್ಟ ನಡುವೆ ಗುಂಡುಸೂಜಿ ಚುಚ್ಚಿ ಕಾಗದದ ಮೇಲೆ ಇಟ್ಟು ಸುತ್ತಲೂ ಗೆರೆ ಎಳೆಯಿರಿ. ಚೌಕವನ್ನು 15 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಹೀಗೆ ಒಟ್ಟು ಆರು ಸಲ. ನಾಲ್ಕು ಮೂಲೆಯ ಚೌಕ ಆರು ಸಲ ಕೂಡಿ 24 ಮೂಲೆಯ ನಕ್ಷತ್ರವಾಗುತ್ತದೆ. ಹೊರಗಿನ ಅಂಚನ್ನು ಮಾತ್ರ ದಪ್ಪ ಮಾಡಿ, ಆ ಕಾಗದ ಕೈಯಲ್ಲಿ ಹಿಡಿದು ಗುಡಿಯ ಸುತ್ತ ನಡೆಯಿರಿ. ಒಂದು ಚೌಕ ತನ್ನ ನಡುಬಿಂದುವಿನ ಸುತ್ತ ತಿರುಗಿದ್ದೇ ಈ ಗೋಡೆ ಎಂಬುದು ಆಗ ಹೊಳೆಯುತ್ತದೆ. 'ಅದ್ಭುತ ಶಿಲ್ಪಕಲೆ' ಎಂದು ಬರೆಯುವ ಬದಲು ಅದ್ಭುತ ಎಲ್ಲಿದೆ ಎಂದು ಬರೆಯಲು ನಿಮ್ಮ ಬಳಿ ಒಂದು ವಾಕ್ಯ ಸಿಕ್ಕಿತು.

ನಮ್ಮ ಸೀಮೆಯ ಗುಡಿಗಳನ್ನು ಹೀಗೆ ಕೂತು ನೋಡಿದವರು ಹಿಂದೆಯೂ ಇದ್ದರು. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಫೋಟೊಗಳ ದೊಡ್ಡ ಪುಸ್ತಕವೊಂದು ಬಂತು. ಅದಕ್ಕೆ ಬರೆದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್. ಕ್ಯಾಮೆರಾ ಇಲ್ಲಿಗೆ ಅಷ್ಟು ಬೇಗ ಬಂದಿತ್ತು. ಆದರೂ 1926ರಲ್ಲಿ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ ತಂದಾಗ ಫೋಟೊಗಳ ಜೊತೆಗೆ ಅಳತೆ ಮಾಡಿ ಬರೆದ ನಕ್ಷೆಗಳೂ ಬೇಕಾದವು. ಕ್ಯಾಮೆರಾ ಇದ್ದವರಿಗೂ ಪೆನ್ಸಿಲು ಬೇಕಾಯಿತು ಎಂಬುದನ್ನು ಗಮನಿಸಿ. ಅವರು ಗುಡಿ ಬರೆದರು. ಹಗೇವು, ಹಂತಿಯ ಕಣ, ಮಣ್ಣಿನ ಮಾಳಿಗೆ ಮನೆ, ಬಾವಿಯ ಗಡಗಡೆ ಇವನ್ನು ಬರೆಯಲು ಯಾರೂ ಹೊರಗಿನಿಂದ ಬರುವುದಿಲ್ಲ. ಅದು ನಮ್ಮ ಪಾಳಿ.

ಪ್ಯಾಕಿಂಗ್ ಕಾಗದದ ಮೇಲಿನ ಬರಗಾಲ

ಚಿತ್ರ ಗೀಚುವುದೆಂದರೆ ಹೊತ್ತು ಹೋಗದವರ ಹವ್ಯಾಸ ಎಂದುಕೊಂಡವರಿಗೆ 1943ರ ಬಂಗಾಳವನ್ನು ನೆನಪಿಸುತ್ತೇನೆ. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತ ವರ್ಷ ಅದು. ಚಿತ್ತಪ್ರಸಾದ್ ಎಂಬ ಯುವ ಕಲಾವಿದ ಮಿಡ್ನಾಪುರ ಜಿಲ್ಲೆಯ ಹಳ್ಳಿಗಳಲ್ಲಿ ತಿರುಗಿ, ಕಂಡವರನ್ನು ಚಿತ್ರಿಸಿ, ವರದಿಯನ್ನೂ ಬರೆದು 'ಹಂಗ್ರಿ ಬೆಂಗಾಲ್' ಎಂಬ ಪುಸ್ತಿಕೆ ತಂದ. ಬ್ರಿಟಿಷ್ ಸರಕಾರ ಅದರ ಪ್ರತಿಗಳನ್ನು ಹಿಡಿದು ನಾಶ ಮಾಡಿತು. ಗೀಚಿದ ಚಿತ್ರಕ್ಕೆ ಸರಕಾರ ಹೆದರಿತು ಎಂದರೆ ಅದು ಸುದ್ದಿಯೇ ಆಗಿತ್ತು.

ಅದೇ ಬರಗಾಲದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಜೈನುಲ್ ಆಬೆದಿನ್ ಎಲುಬು ಕಾಣುವ ತಾಯಂದಿರನ್ನು, ಕಸದ ತೊಟ್ಟಿಯ ಪಕ್ಕದ ಕಾಗೆಗಳನ್ನು ಚಿತ್ರಿಸಿದ. ಬಳಸಿದ್ದು ಅಗ್ಗದ ಪ್ಯಾಕಿಂಗ್ ಕಾಗದ ಮತ್ತು ಕಪ್ಪು ಶಾಯಿ. ಆ ಚಿತ್ರಗಳು ಇಂದಿಗೂ ಆ ಬರಗಾಲದ ಮುಖ್ಯ ಸಾಕ್ಷಿಗಳಲ್ಲಿ ಸೇರಿವೆ. ಒಳ್ಳೆಯ ಕಾಗದ ಬರಲಿ ಎಂದು ಅವನು ಕಾದಿದ್ದರೆ ಆ ಸಾಕ್ಷಿ ನಮಗೆ ಸಿಗುತ್ತಿರಲಿಲ್ಲ.

ಸಾಮಾನು ಯಾವುದು, ಎಲ್ಲಿ

ಈ ವಿಷಯದಲ್ಲಿ ಹೊಸಬರು ಜಾಸ್ತಿ ಹೊತ್ತು ಕಳೆಯುವುದು ಅಂಗಡಿಯಲ್ಲಿ, ಈಗ ಆನ್‌ಲೈನಿನಲ್ಲಿ. ದಪ್ಪ ರಟ್ಟಿನ ಸ್ಕೆಚ್ ಪುಸ್ತಕ, ಡಬ್ಬಿ ತುಂಬ ಪೆನ್ಸಿಲು ತರಿಸುತ್ತಾರೆ. ಪುಸ್ತಕ ಎಷ್ಟು ಚಂದ ಇರುತ್ತದೋ ಅದರ ಮೊದಲ ಪುಟ ಕೆಡಿಸಲು ಅಷ್ಟೇ ಅಂಜಿಕೆ. ಆರು ತಿಂಗಳಾದರೂ ಪುಸ್ತಕ ಕಪಾಟಿನಲ್ಲೇ. ಅದಕ್ಕೇ ನನ್ನ ಮೊದಲ ನಿಯಮ: ಕೆಟ್ಟರೆ ಹೊಟ್ಟೆ ಉರಿಯದ ಕಾಗದ, ಕಳೆದರೆ ಹುಡುಕಬೇಕಾಗಿಲ್ಲದ ಪೆನ್ಸಿಲು.

ಕಾಗದದ ವಿಷಯದಲ್ಲಿ ಗದಗಿನವರು ಪುಣ್ಯವಂತರು. ಬೆಟಗೇರಿಗೆ ಮಗ್ಗ ಇದ್ದಂತೆ ಗದಗಿಗೆ ಪ್ರಿಂಟಿಂಗ್ ಪ್ರೆಸ್ಸು. ಪ್ರೆಸ್ಸಿನಲ್ಲಿ ಪುಸ್ತಕ, ಪಾವತಿ ಪುಸ್ತಕ, ಲಗ್ನಪತ್ರಿಕೆ ಕತ್ತರಿಸಿದ ಮೇಲೆ ಅಂಚಿನ ಪಟ್ಟಿಗಳು ರಾಶಿ ಬೀಳುತ್ತವೆ. 'ಅಣ್ಣಾರ, ಬರಿಯಾಕ ಒಂದಿಷ್ಟು ಕಟಿಂಗ್ ಕೊಡ್ರಿ' ಎಂದು ಕೇಳಿದರೆ ಕೊಡುತ್ತಾರೆ, ಇಲ್ಲವೇ ರದ್ದಿ ದರಕ್ಕೆ ತೂಗಿ ಕೊಡುತ್ತಾರೆ. ಯಾವುದನ್ನು ಆರಿಸಬೇಕು ಎಂಬುದಷ್ಟೇ ಗೊತ್ತಿರಲಿ. ಮ್ಯಾಪ್‌ಲಿಥೊ ಕಾಗದ ಪೆನ್ಸಿಲಿಗೂ ಬಾಲ್‌ಪೆನ್ನಿಗೂ ಒಗ್ಗುತ್ತದೆ. ಮಿನುಗುವ ಆರ್ಟ್ ಪೇಪರ್ ಬೇಡ, ಅದರ ಮೇಲಿನ ಲೇಪಕ್ಕೆ ಪೆನ್ಸಿಲು ಜಾರುತ್ತದೆ. ನ್ಯೂಸ್‌ಪ್ರಿಂಟ್ ಕೈ ಪಳಗಿಸಲು ಬಹಳ ಚಲೋ, ಆದರೆ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಉಳಿಸಿಕೊಳ್ಳುವ ಚಿತ್ರ ಅದರ ಮೇಲೆ ಬೇಡ. ಕಾಗದದ ದಪ್ಪವನ್ನು ಜಿ.ಎಸ್.ಎಂ. ಎಂದು ಅಳೆಯುತ್ತಾರೆ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದೇ ಅದು. ಝೆರಾಕ್ಸ್ ಅಂಗಡಿಯ ಕಾಗದ 70ರಿಂದ 80 ಇರುತ್ತದೆ, ದಿನದ ಗೀಚುವಿಕೆಗೆ ಅಷ್ಟು ಧಾರಾಳ ಸಾಕು. ಜಲವರ್ಣ ಹಚ್ಚುವವರಿಗೆ ಮಾತ್ರ 200ರ ಮೇಲಿನದು ಬೇಕು.

ಲಕ್ಷ್ಮೇಶ್ವರ, ಶಿರಹಟ್ಟಿಯಲ್ಲಿ ಇರುವವರಿಗೆ ಇನ್ನೂ ಸುಲಭದ ದಾರಿ ಇದೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಖಾಲಿ ಇದ್ದರೆ ಅದೇ ದೊಡ್ಡ ಕಾಗದ. ಮನೆಗೆ ಬರುವ ಲಗ್ನಪತ್ರಿಕೆಗಳ ದಪ್ಪ ಹಾಳೆ ಪುಸ್ತಕಕ್ಕೆ ರಟ್ಟಾಗುತ್ತದೆ. ಎಂಟು ಹಾಳೆ ಒಟ್ಟಿಗೆ ಮಡಚಿ, ಮಡಿಕೆಯಲ್ಲಿ ಮೂರು ತೂತು ಹಾಕಿ, ದಪ್ಪ ದಾರದಿಂದ ಹೊಲಿದರೆ ಕಿಸೆಯ ಪುಸ್ತಕ ತಯಾರು. ಮಡಚುವ ಮುಂಚೆ ಕಾಗದವನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಯೇ ಮಡಚಿ. ಕಾಗದದ ಎಳೆ ಆ ದಿಕ್ಕಿಗೆ ಇರುತ್ತದೆ. ಹಾಗೆ ಮಾಡಿದರೆ ಪುಸ್ತಕ ಚಪ್ಪಟೆಯಾಗಿ ತೆರೆದು ಕೂರುತ್ತದೆ.

ಇನ್ನು ಪೆನ್ಸಿಲು. ನಾವು ಸೀಸದ ಕಡ್ಡಿ ಎನ್ನುತ್ತೇವೆ, ಒಳಗೆ ಸೀಸ ಇಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಈ ಎರಡನ್ನೂ ಕಲಸಿ ಸುಡುವ ವಿಧಾನಕ್ಕೆ 1795ರಲ್ಲಿ ಫ್ರಾನ್ಸಿನ ಕಾಂಟೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದರೆ ಗಟ್ಟಿ, ಅದು ಎಚ್ ಸಾಲು. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಕಪ್ಪಗೆ, ಅದು ಬಿ ಸಾಲು. ಎಚ್‌ಬಿ ನಡುವಿನದು. ಇಡೀ ಸೆಟ್ ಬೇಡ. ಒಂದು ಎಚ್‌ಬಿ, ಒಂದು 4ಬಿ ಸಾಕು. ಶಾಲಾ ಮಕ್ಕಳು ಒಯ್ಯುವ ನಟರಾಜ, ಅಪ್ಸರಾ ಪೆನ್ಸಿಲುಗಳೇ ಸಾಕಷ್ಟು ಒಳ್ಳೆಯವು. 4ಬಿ ನಮ್ಮ ಬೇಸಿಗೆಯಲ್ಲಿ ಬೆವರುಗೈಗೆ ಅಳಿಸಿ ಹರಡುತ್ತದೆ. ಅಂಗೈ ಕೆಳಗೆ ಒಂದು ತುಂಡು ಕಾಗದ ಇಟ್ಟುಕೊಳ್ಳಿ.

ಆದರೂ ವರದಿಗೆ ಓಡಾಡುವವರಿಗೆ ನಾನು ಹೇಳುವುದು ಕಪ್ಪು ಬಾಲ್‌ಪೆನ್ನು. ಅದು ಹೇಗೂ ಕಿಸೆಯಲ್ಲಿ ಇರುತ್ತದೆ, ಚೂಪು ಮಾಡಬೇಕಾಗಿಲ್ಲ, ಮಳೆಹನಿ ಬಿದ್ದರೆ ಹರಡುವುದಿಲ್ಲ. ಜೆಲ್ ಪೆನ್ನುಗಳು ನೀರಿಗೆ ಕದಡುವುದು ಜಾಸ್ತಿ. ಬಾಲ್‌ಪೆನ್ನನ್ನು ಹಗುರ ಒತ್ತಿದರೆ ಬೂದು ಗೆರೆ, ಬಿಗಿ ಒತ್ತಿದರೆ ಕಪ್ಪು ಗೆರೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಅಳಿಸಲು ಬರುವುದಿಲ್ಲ. ರಬ್ಬರ್ ಕೈಯಲ್ಲಿದ್ದರೆ ಹತ್ತು ನಿಮಿಷದಲ್ಲಿ ಏಳು ನಿಮಿಷ ಅಳಿಸುವುದರಲ್ಲೇ ಹೋಗುತ್ತದೆ. ಗೆರೆ ತಪ್ಪಿದರೆ ಪಕ್ಕದಲ್ಲಿ ಇನ್ನೊಂದು ಎಳೆಯಿರಿ, ಕಣ್ಣು ಸರಿಯಾದದ್ದನ್ನೇ ಆರಿಸಿಕೊಳ್ಳುತ್ತದೆ.

ದುಡ್ಡೇ ಇಲ್ಲದಿದ್ದರೆ ಇದ್ದಿಲು. ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ಬಟ್ಟೆಯ ಮೇಲೆ ಮೊದಲ ಗೆರೆ ಎಳೆಯುವುದು ಸುಟ್ಟ ಹುಣಸೆ ಕಡ್ಡಿಯಿಂದ. ಹುಣಸೆ ಮರ ನಮ್ಮಲ್ಲಿಲ್ಲವೇ? ಒಣಗಿದ ತೆಳು ಕಡ್ಡಿಗಳನ್ನು ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ಸಣ್ಣ ತೂತು ಹಾಕಿ, ಒಲೆಯ ಕೆಂಡದಲ್ಲಿಡಿ. ತೂತಿನಿಂದ ಬರುವ ಹೊಗೆ ನಿಂತ ಮೇಲೆ ತೆಗೆದು, ಪೂರಾ ಆರಿದ ನಂತರವೇ ಮುಚ್ಚಳ ತೆಗೆಯಿರಿ.

ರೂಢಿ ಬೀಳುವುದು ಹೇಗೆ

'ಟೈಮ್ ಇಲ್ಲ' ಎನ್ನುವುದು ನಮ್ಮ ವೃತ್ತಿಯಲ್ಲಿ ನಂಬಲಾಗದ ಮಾತು. ನಮ್ಮಷ್ಟು ಕಾಯುವವರು ಯಾರಿದ್ದಾರೆ? ಬಸ್ಸಿಗೆ ಕಾಯುತ್ತೇವೆ, ತಹಶೀಲ್ದಾರರಿಗೆ ಕಾಯುತ್ತೇವೆ, ಮಂತ್ರಿ ಬರುವ ಮುಂಚಿನ ಎರಡು ತಾಸು ಪೆಂಡಾಲಿನಲ್ಲಿ ಕಾಯುತ್ತೇವೆ. ಆ ಹೊತ್ತು ಈಗ ಮೊಬೈಲಿನ ಪಾಲಾಗಿದೆ. ಅದರಲ್ಲಿ ಹತ್ತು ನಿಮಿಷ ಪೆನ್ಸಿಲಿಗೆ ಕೊಡಿ. ಬೇರೆ ಹೊತ್ತು ಹುಡುಕಬೇಡಿ. ಈಗಾಗಲೇ ಇರುವ ಒಂದು ಕಾಯುವಿಕೆಗೆ ಅದನ್ನು ಕಟ್ಟಿಹಾಕಿ.

'ಕೈ ಬರೂದಿಲ್ಲ' ಎನ್ನುವುದಕ್ಕೂ ಉತ್ತರ ಇದೆ. ಅಕ್ಷರ ತಿದ್ದಿದ ಕೈಗೆ ಗೆರೆ ಬರುತ್ತದೆ. ಟಿ.ಪಿ. ಅಕ್ಕಿಯವರು ಗದಗಿನಲ್ಲಿ ವಿಜಯ ಕಲಾ ಮಂದಿರ ಕಟ್ಟಿದ್ದೇ ಕಲೆ ಕಲಿಸಿದರೆ ಬರುತ್ತದೆ ಎಂಬ ನಂಬಿಕೆಯ ಮೇಲಲ್ಲವೇ? ಶುರುವಿಗೆ ಮೂರು ಮಾತು ನೆನಪಿಡಿ. ಮೊದಲು ದೊಡ್ಡ ಆಕಾರ, ಆಮೇಲೆ ಸಣ್ಣದು. ಎತ್ತಿನ ಕೊಂಬು ಬರೆಯುವ ಮುಂಚೆ ಎತ್ತು ಎಷ್ಟು ಉದ್ದ, ಎಷ್ಟು ಎತ್ತರ ಎಂದು ನೋಡಿ. ಎರಡನೆಯದು, ಅಳತೆ. ಕೈ ಪೂರಾ ಚಾಚಿ, ಪೆನ್ಸಿಲು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಸರಿಸುತ್ತ ಬಾಗಿಲಿನ ಅಗಲ ಅಳೆಯಿರಿ. ಅದೇ ಅಳತೆ ಬಾಗಿಲಿನ ಎತ್ತರಕ್ಕೆ ಎಷ್ಟು ಸಲ ಬರುತ್ತದೆ ಎಣಿಸಿ. ಕೈ ಮಾತ್ರ ಮಡಚಬಾರದು. ಮೂರನೆಯದು, ಪುಟದ ಮೂಲೆಯಲ್ಲಿ ಊರು, ತಾರೀಖು, ಹೊತ್ತು ಬರೆಯಿರಿ. ಇದಿಲ್ಲದಿದ್ದರೆ ಅದು ಚಿತ್ರ ಅಷ್ಟೇ, ಇದ್ದರೆ ಟಿಪ್ಪಣಿ.

ಅಲುಗಾಡದ್ದರಿಂದ ಶುರು ಮಾಡಿ: ಚಪ್ಪಲಿ, ಹಾರೆ, ಚಹಾದಂಗಡಿಯ ಸ್ಟೋವು. ಆಮೇಲೆ ಗಿಡ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು, ಅಲ್ಲಿಯ ಔಷಧಿ ಸಸ್ಯಗಳ ಬಗ್ಗೆ ನಾವೆಲ್ಲ ಬರೆಯುತ್ತಲೇ ಇರುತ್ತೇವೆ. ಒಂದು ಟೊಂಗೆ ಬರೆದು ನೋಡಿ. ಎಲೆಗಳು ಎದುರುಬದುರು ಇವೆಯೋ ಒಂದಾದ ಮೇಲೊಂದು ಇವೆಯೋ ಎಂಬುದನ್ನು ಗಮನಿಸದೆ ಟೊಂಗೆ ಬರೆಯಲು ಬರುವುದೇ ಇಲ್ಲ. ಗಿಡ ಗುರುತಿಸುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಕೊನೆಗೆ ಹಾರುವುದು, ಓಡುವುದು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ತಾಣವಾಗಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ನೀವು ಬರೆಯುವ ತನಕ ಅವು ನಿಲ್ಲುವುದಿಲ್ಲ. ಆಗ ಒಂದು ನಿಮಿಷ ಬರೀ ನೋಡಿ, ತಲೆ ತಗ್ಗಿಸಿ, ನೆನಪಿನಿಂದ ಬರೆಯಿರಿ. ಇಂಗ್ಲೆಂಡಿನ ಕೋರ್ಟುಗಳಲ್ಲಿ 1925ರ ಕಾನೂನಿನ ಪ್ರಕಾರ ಫೋಟೊ ತೆಗೆಯುವಂತಿಲ್ಲ, ಒಳಗೆ ಕೂತು ಚಿತ್ರ ಬಿಡಿಸುವಂತೆಯೂ ಇಲ್ಲ. ಅಲ್ಲಿಯ ಪತ್ರಿಕೆಗಳ ಚಿತ್ರಕಾರರು ಒಳಗೆ ನೋಡಿ, ಟಿಪ್ಪಣಿ ಮಾಡಿಕೊಂಡು, ಹೊರಗೆ ಬಂದು ಬರೆಯುತ್ತಾರೆ. ನೆನಪಿನಿಂದ ಬರೆಯುವ ಅಭ್ಯಾಸ ಬಿದ್ದರೆ ನೋಡುವಾಗಲೇ ಏನು ಹಿಡಿಯಬೇಕು ಎಂಬುದು ಮನಸ್ಸಿಗೆ ಗೊತ್ತಾಗುತ್ತದೆ. ವರದಿಗೆ ಬೇಕಾದ ಗುಣವೂ ಅದೇ.

ಎಚ್ಚರ ಇರಲಿ

ಗೀಚಿದ ಚಿತ್ರ ಪುರಾವೆ ಅಲ್ಲ. ಕಳಪೆ ರಸ್ತೆ ಕಾಮಗಾರಿಯ ಸುದ್ದಿಗೆ ಫೋಟೊ, ಕಾಗದಪತ್ರ ಬೇಕೇ ಬೇಕು. ಚಿತ್ರ ಅವುಗಳ ಜಾಗಕ್ಕೆ ಬರುವುದಿಲ್ಲ, ಅವುಗಳ ಜೊತೆಗೆ ಕೂರುತ್ತದೆ. ಮನುಷ್ಯರನ್ನು ಬರೆಯುವ ಮುಂಚೆ ಕೇಳಬೇಕು. 'ಯಕ್ಕಾ, ನೀವು ಬುಟ್ಟಿ ಹೆಣಿಯೂದು ಬರಕೊಳ್ಳಲ್ರಿ?' ಎಂದರೆ ಬಹಳ ಮಂದಿ ನಕ್ಕು ಒಪ್ಪುತ್ತಾರೆ. ಒಲ್ಲೆ ಎಂದರೆ ಪುಸ್ತಕ ಮುಚ್ಚಬೇಕು. ಹೆಣದ ಮುಂದೆ, ಗೋಳಾಡುವವರ ಮುಂದೆ ಪೆನ್ಸಿಲು ತೆಗೆಯಬಾರದು. ಪೋಕ್ಸೊ ಪ್ರಕರಣಗಳಲ್ಲಿ ಮಗುವಿನ ಗುರುತು ಬಿಟ್ಟುಕೊಡುವುದನ್ನು ಕಾನೂನು ತಡೆಯುತ್ತದೆ. ಮುಖ ಹೋಲುವ ಚಿತ್ರವೂ, ಮನೆ ಗುರುತು ಸಿಗುವ ಚಿತ್ರವೂ ಗುರುತೇ ಆಗುತ್ತದೆ.

ನಮ್ಮ ಬಳಗಕ್ಕೆ ನನ್ನದೊಂದು ಸಲಹೆ. ಈ ತಿಂಗಳು ಯಾವುದೇ ಊರಿಗೆ ಹೋದರೂ ಅಲ್ಲಿಯ ಒಂದು ದುಡಿಮೆಯ ಸಾಮಾನನ್ನು ಗೀಚಿ, ಅದರ ಭಾಗಗಳ ಹೆಸರನ್ನು ಬಳಸುವವರ ಬಾಯಿಂದಲೇ ಕೇಳಿ ಬರೆದುಕೊಳ್ಳೋಣ. ಬೆಟಗೇರಿಯಲ್ಲಿ ಮಗ್ಗ, ಲಕ್ಷ್ಮೇಶ್ವರದಲ್ಲಿ ಕಮ್ಮಾರನ ತಿದಿ, ಶಿರಹಟ್ಟಿಯಲ್ಲಿ ಕೂರಿಗೆ, ಮುಂಡರಗಿ ಕಡೆಯ ಹೊಳೆದಂಡೆಯಲ್ಲಿ ಮೀನಿನ ಬಲೆ. ಚಿತ್ರ ಸೊಟ್ಟ ಇದ್ದರೂ ಅಡ್ಡಿಯಿಲ್ಲ, ಹೆಸರು ಸರಿ ಇರಲಿ. ಸೊಟ್ಟ ಗೆರೆಯನ್ನು ಮುಂದೆ ಯಾರಾದರೂ ನೆಟ್ಟಗೆ ಮಾಡಿಯಾರು. ಕೇಳದೆ ಬಿಟ್ಟ ಹೆಸರನ್ನು ಆಮೇಲೆ ಯಾರ ಬಳಿ ಕೇಳುವುದು?